ಸಂಜ್ಞೆ ಕೊಡುವವನೂ ಸಂಜ್ಞೆ ಕಾಣುವವನೂ: ಬೈತಖೋಲದ ರಂಪಣಿಯಿಂದ ಚೆಂಡಾಟದ ಅಂಗಣದವರೆಗೆ

ಶಾಸನ, ಕಡತ, ನಾಣ್ಯ, ಪ್ರವಾಸಿಗರ ಬರೆಹ ಇವುಗಳ ಆಧಾರದಿಂದ ಇತಿಹಾಸವನ್ನು ಕಟ್ಟುವುದು ನಮ್ಮ ರೂಢಿ. ಈ ರೂಢಿಯಿಂದ ಲಾಭವಾಗಿರುವಂತೆ ಒಂದು ನಷ್ಟವೂ ಆಗಿದೆ. ಬರೆಹಕ್ಕೆ ಇಳಿಯದ ಮಾನವವ್ಯವಹಾರಗಳು ನಮ್ಮ ದೃಷ್ಟಿಯಿಂದ ಜಾರಿಹೋಗುತ್ತವೆ. ಅಂಥ ವ್ಯವಹಾರಗಳಲ್ಲಿ ಕೈಸನ್ನೆ ಒಂದು. ಎತ್ತಿದ ಕೈ ಇಳಿದೊಡನೆ ಅದರ ದಾಖಲೆಯೂ ಅಳಿಯುತ್ತದೆ. ಆದರೂ ಕೂಡಿ ದುಡಿಯುವ ಇಬ್ಬರ ನಡುವೆ, ಕೂಗು ಕೇಳದಷ್ಟು ದೂರವಿರುವಾಗ ಅಥವಾ ಕೂಗಬಾರದಂಥ ಪ್ರಸಂಗವಿರುವಾಗ, ಕೆಲಸ ಸಾಗುವುದು ಸಂಜ್ಞೆಯಿಂದಲೇ. ಸಂಜ್ಞೆ ಕೊಡುವವನು ಅದನ್ನು ಹೇಗೆ ಕೊಟ್ಟರೆ ಕಾಣುವವನಿಗೆ ಸಂದೇಹವಿಲ್ಲದೆ ಮುಟ್ಟುತ್ತದೆ, ಆ ವಿದ್ಯೆಯನ್ನು ಎಳೆಯರು ಕಲಿತುದು ಹೇಗೆ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಕಾರವಾರದ ಬೈತಖೋಲವನ್ನು ಮುಂದಿಟ್ಟುಕೊಂಡು ವಿವೇಚಿಸಲು ಯತ್ನಿಸಿದ್ದೇವೆ. ಹೋಲಿಕೆಗಾಗಿ ಅಮೆರಿಕದ ಬೇಸ್‌ಬಾಲ್ ಆಟವನ್ನೂ ನಮ್ಮ ಕ್ರಿಕೆಟ್ಟನ್ನೂ ತಂದುಕೊಂಡಿದ್ದೇವೆ. ಇತಿಹಾಸದ ಸಂಚಿಕೆಯಲ್ಲಿ ಆಟದ ಮಾತೇಕೆ ಎಂದು ಹಿರಿಯ ವಾಚಕರು ಹುಬ್ಬೇರಿಸಿದರೆ, ಲೇಖನವನ್ನು ಕೊನೆಯವರೆಗೆ ಓದಿ ನಿರ್ಣಯಿಸಬೇಕೆಂದು ಬೇಡುತ್ತೇವೆ.

ಬೈತಖೋಲವು ಕಾರವಾರ ಪಟ್ಟಣದ ನೈಋತ್ಯಕ್ಕಿರುವ ಸಣ್ಣ ಕೊಲ್ಲಿ. ಸಮುದ್ರಕ್ಕೆ ಚಾಚಿದ ಗುಡ್ಡದ ಮೂಗು ನೈಋತ್ಯ ಮಾರುತವನ್ನು ತಡೆಯುವುದರಿಂದ ಮಳೆಗಾಲದಲ್ಲಿಯೂ ಇಲ್ಲಿ ನೀರು ಬಹುಮಟ್ಟಿಗೆ ಶಾಂತ. ಹೆಸರಿಗೆ ಅರಬ್ಬೀ ಮೂಲವನ್ನು ಹೇಳಿ ‘ಸುರಕ್ಷಿತ ತಾಣ’ ಎಂದು ಅರ್ಥಮಾಡುವವರಿದ್ದಾರೆ. ಅರ್ಥವಂತೂ ಸ್ಥಳಕ್ಕೆ ಒಪ್ಪುತ್ತದೆ. 1638ರಲ್ಲಿ ಕೋರ್ಟೀನನ ವ್ಯಾಪಾರ ಸಂಘದವರು ಕಾರವಾರದಲ್ಲಿ ಕೋಠಿಯನ್ನು ತೆರೆದುದು, 1665ರಲ್ಲಿ ಶಿವಾಜಿ ಈ ಭಾಗಕ್ಕೆ ಬಂದು ಕಪ್ಪವನ್ನು ವಸೂಲು ಮಾಡಿದುದು, 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಿದುದು ವಾಚಕರಿಗೆ ತಿಳಿದ ಸಂಗತಿಗಳು. ಬಂದರಿನ ಎದುರಿಗಿರುವ ದೇವಗಡ ದ್ವೀಪದ ದೀಪಸ್ತಂಭವು 1864ರದು. ನಮ್ಮ ವಿಷಯಕ್ಕೆ ಪ್ರವೇಶವಾಗುವುದು ಈ ದೀಪದಿಂದ.

ಸರಕಾರದ ಸಂಜ್ಞೆಗಳಿಗೆ ಕಡತವುಂಟು. ಹಡಗುಗಳ ಧ್ವಜಗಳಿಂದ ಮಾತನಾಡುವ ಸಂಹಿತೆಯನ್ನು ಬ್ರಿಟಿಷ್ ವ್ಯಾಪಾರಮಂಡಲಿಯು 1857ರಲ್ಲಿ ಪ್ರಕಟಿಸಿತು. 1864ರ ಅಕ್ಟೋಬರದಲ್ಲಿ ಕಲಕತ್ತೆಯನ್ನು ಹಾಳುಗೆಡವಿದ ಚಂಡಮಾರುತದ ಬಳಿಕ, 1865ರಿಂದ ಆ ಬಂದರಿನಲ್ಲಿ ಬಿರುಗಾಳಿಯ ಮುನ್ಸೂಚನೆಯನ್ನು ಕೊಡುವ ಏರ್ಪಾಡಾಯಿತು. 1898ರಲ್ಲಿ ಭಾರತದ ಬಂದರುಗಳಿಗೆಲ್ಲ ಏಕರೂಪದ ಪದ್ಧತಿ ಬಂದಿತು. ಹಗಲಿನಲ್ಲಿ ಕಂಬಕ್ಕೇರಿಸಿದ ಶಂಕು ಮತ್ತು ಉರುಳೆಯ ಆಕಾರಗಳು, ಇರುಳಿನಲ್ಲಿ ಕೆಂಪು ಮತ್ತು ಬಿಳಿಯ ಲಾಂದ್ರಗಳು. ಒಟ್ಟು ಹನ್ನೊಂದು ಸಂಜ್ಞೆಗಳು. ಇವುಗಳಲ್ಲಿ ಹನ್ನೊಂದನೆಯದು ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯಿತು. ಮುನ್ಸೂಚನೆಯ ಕೇಂದ್ರದೊಡನೆ ಸಂಪರ್ಕವೇ ಕಡಿದುಹೋಗಿದೆ ಎಂಬುದನ್ನು ತಿಳಿಸುವ ಸಂಜ್ಞೆ ಅದು. ಸುದ್ದಿಯಿಲ್ಲವೆಂಬುದೂ ಒಂದು ಸುದ್ದಿ. ಅದನ್ನೂ ಸ್ಪಷ್ಟವಾಗಿ ಹೇಳಬೇಕು ಎಂಬ ವಿವೇಕ ಆ ಪಟ್ಟಿಯನ್ನು ಸಿದ್ಧಪಡಿಸಿದವರಿಗೆ ಇದ್ದಿತು. ಆಕಾರಗಳನ್ನು ಆಯ್ದುದರಲ್ಲಿಯೂ ಯೋಚನೆಯಿದೆ. ದೂರದಿಂದ, ಮೋಡ ಕವಿದ ಹಗಲಿನಲ್ಲಿ, ಬಣ್ಣವು ಕಣ್ಣಿಗೆ ಮೋಸ ಮಾಡುತ್ತದೆ. ಆಕಾರವು ಅಷ್ಟಾಗಿ ಮಾಡದು.

ಈ ದೀಪ, ಈ ಕಂಬ ಯಾರನ್ನೂ ಹೆಸರಿಟ್ಟು ಕರೆಯುವುದಿಲ್ಲ. ಕಾಣುವವರೆಲ್ಲರಿಗೂ ಒಂದೇ ಮಾತು. ಇಬ್ಬರ ನಡುವಣ ಸಂಜ್ಞೆಯ ಸ್ವರೂಪವೇ ಬೇರೆ. ಅದನ್ನು ನೋಡಬೇಕಾದರೆ ಬಂದರಿನ ಕಚೇರಿಯನ್ನು ಬಿಟ್ಟು, ಬೈತಖೋಲದಿಂದ ಉತ್ತರಕ್ಕೆ ಕಾಳೀನದಿಯ ಮುಖದವರೆಗೆ ಹಬ್ಬಿರುವ ಮರಳ ದಂಡೆಗೆ ಬರಬೇಕು.

ರಂಪಣಿಯು ದಡದಿಂದ ಎಳೆಯುವ ಮಹಾಬಲೆ. ಗೋವೆಯ ಕೊಂಕಣಿಯಲ್ಲಿಯೂ ಇದೇ ಹೆಸರು ಸ್ವಲ್ಪ ಉಚ್ಚಾರಭೇದದಿಂದ ಪ್ರಚಾರದಲ್ಲಿದೆ. ಅನೇಕ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದ ಈ ಬಲೆಯು ನೂರಾರು ಮೀಟರು ಉದ್ದವಿರುತ್ತಿತ್ತು. ದೊಡ್ಡವು ಕಿಲೋಮೀಟರಿನ ಸಮೀಪಕ್ಕೆ ಹೋಗುತ್ತಿದ್ದವು. ಒಬ್ಬನ ಕೈಯಲ್ಲಿ ಆಗುವ ಕೆಲಸ ಇದಲ್ಲ. ಹತ್ತಾರು ಮನೆಗಳವರು ಕೂಡಿ ಬಲೆಯನ್ನು ಹೊಂದಿ, ಕೂಡಿ ಎಳೆದು, ಬಂದುದನ್ನು ಪಾಲಿಗೆ ತಕ್ಕಂತೆ ಹಂಚಿಕೊಳ್ಳುತ್ತಿದ್ದರು. ಹಗ್ಗದ ಒಂದು ತುದಿ ದಡದಲ್ಲಿ. ಬಲೆಯನ್ನು ಹೊತ್ತ ದೊಡ್ಡ ದೋಣಿಯು ಮೀನಿನ ಹಿಂಡನ್ನು ಬಳಸಿ ಬಲೆಯನ್ನು ಬಿಡುತ್ತ ಅರ್ಧಚಂದ್ರಾಕಾರವಾಗಿ ಸಾಗಿ ದಂಡೆಯ ಇನ್ನೊಂದೆಡೆಗೆ ಬಂದು ಮುಟ್ಟುವುದು. ತದನಂತರ ಎರಡೂ ತುದಿಗಳನ್ನು ಜನ ಸಾಲಾಗಿ ನಿಂತು ಎಳೆಯುವುದು. ಹಿಡಿಯುವುದು ಮುಖ್ಯವಾಗಿ ಬಂಗಡೆ ಮತ್ತು ತಾರಲೆ. ಬಲೆಗೆ ಬಿದ್ದುದು ಮಿತಿಮೀರಿದಾಗ ಅದನ್ನು ಹಾಗೆಯೇ ನೀರಿನಲ್ಲಿ ದಿನಗಟ್ಟಲೆ ಕೂಡಿಹಾಕಿಟ್ಟು, ಬೇಡಿಕೆಯನ್ನು ನೋಡಿ ತೆಗೆಯುತ್ತಿದ್ದುದೂ ಉಂಟು.

ಎಲ್ಲವೂ ನಿಂತಿರುವುದು ಮೀನನ್ನು ಕಾಣುವ ಕಣ್ಣಿನ ಮೇಲೆ. ಚಿಕ್ಕ ದೋಣಿಯಲ್ಲಿ ಮುಂದಾಗಿ ಹೋದ ಅನುಭವಿಯೊಬ್ಬನು ನೀರನ್ನು ಓದುತ್ತಾನೆ. ನೀರಿನ ಮೈಮೇಲಣ ಸಣ್ಣ ನಡುಕ, ಸುತ್ತಲಿನ ನೀರಿಗಿಂತ ಗಾಢವಾಗಿ ಕಾಣುವ ಮಬ್ಬು ತೇಪೆ, ಒಂದೇ ಕಡೆ ಎರಗುವ ಕಡಲಹಕ್ಕಿಗಳು, ಕತ್ತಲೆಯ ರಾತ್ರಿಯಾದರೆ ಹಿಂಡು ಚಲಿಸಿದಾಗ ನೀರಿನಲ್ಲಿ ಮೂಡುವ ಬೆಳಕು, ಇವು ಅವನ ಅಕ್ಷರಗಳು. ಆದರೆ ಬಲೆ ಅವನ ಬಳಿಯಲ್ಲಿಲ್ಲ. ಬಲೆ ಇರುವವರು ಮೀನನ್ನು ಕಾಣರು. ಕಂಡವನು ಒಬ್ಬ, ಮಾಡುವವನು ಇನ್ನೊಬ್ಬ. ಇವರಿಬ್ಬರ ನಡುವೆ ನೀರು. ಬಟ್ಟೆಯನ್ನು ಬೀಸುವುದು, ಹುಟ್ಟನ್ನು ನೆಟ್ಟಗೆ ಎತ್ತುವುದು, ಕೈಯನ್ನು ಒಂದು ಮಗ್ಗುಲಿಗೆ ಚಾಚಿ ಹಿಡಿಯುವುದು ಇವೇ ಮಾತು. ವಿವರಗಳು ತಂಡದಿಂದ ತಂಡಕ್ಕೆ ಬೇರೆಯಾಗುವುದು ಸಹಜ; ಆದರೆ ಹೇಳಬೇಕಾದುದು ಎಲ್ಲೆಡೆ ಅಷ್ಟೆ: ಇದೆ; ಈ ಕಡೆಗೆ ತಿರುಗಿದೆ; ತಡೆಯಿರಿ; ಈಗ ಬಿಡಿ. ಬಂಗಡೆಯ ಹಿಂಡು ಕಾಯುವ ಪ್ರಾಣಿಯಲ್ಲ. ‘ತಡೆಯಿರಿ’ ಎಂಬುದನ್ನು ‘ಬಿಡಿ’ ಎಂದು ತಾಂಡೇಲನು ತಿಳಿದನೆಂದರೆ ಹಲವು ಮನೆಗಳ ಒಂದು ದಿನದ ಅನ್ನ ಹೋಯಿತು.

ಇಲ್ಲಿ ಕೂಗು ಏಕೆ ಸಾಲದು? ಉತ್ತರ ಭೂಗೋಳದಲ್ಲಿದೆ. ಮೀನುಗಾರಿಕೆಯ ಹಂಗಾಮಾದ ಮಳೆಗಾಲಾನಂತರದ ತಿಂಗಳುಗಳಲ್ಲಿ, ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಕಡಲಿನಿಂದ ಕೂಗಿದವನ ಸ್ವರವನ್ನು ಅದು ಹಿಂದಕ್ಕೆ ತಳ್ಳುತ್ತದೆ. ದಡದಲ್ಲಿರುವವರ ಕಿವಿಯನ್ನು ತೆರೆಯ ಮೊರೆತ ತುಂಬಿರುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸಿದರೂ ತೆರೆಯ ಸದ್ದು ಅಡಗುವುದಿಲ್ಲ.

ಬೆಳಕಿನ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಕಾರವಾರದ ದಂಡೆಯ ಮುಖ ಪಶ್ಚಿಮಕ್ಕೆ. ಮುಂಜಾನೆ ಸೂರ್ಯನು ದಡದವರ ಬೆನ್ನಿಗೆ, ಸಹ್ಯಾದ್ರಿಯ ಕಡೆಯಿಂದ ಏರುತ್ತಾನೆ. ದೋಣಿಯವನ ಮೇಲೆ ನೇರವಾಗಿ ಬೆಳಕು ಬೀಳುವುದರಿಂದ ಅವನ ಬಟ್ಟೆಯ ಬಣ್ಣವೂ ಕಾಣುತ್ತದೆ. ಸಾಯಂಕಾಲ ಎಲ್ಲವೂ ತಿರುಗುಮುರುಗು. ಸೂರ್ಯನು ದೋಣಿಯ ಹಿಂದಿರುತ್ತಾನೆ, ನೀರು ಕಣ್ಣು ಕುಕ್ಕುತ್ತದೆ, ಸಂಜ್ಞೆ ಕೊಡುವವನು ಕರಿಯ ನೆರಳಾಗಿ ಮಾತ್ರ ತೋರುತ್ತಾನೆ. ಆಗ ಕೆಂಪು ಬಟ್ಟೆಗೂ ಬಿಳಿಯ ಬಟ್ಟೆಗೂ ಭೇದವಿಲ್ಲ. ಮೈಯ ಮುಂದೆ ಹಿಡಿದ ಕೈ ಮೈಯ ನೆರಳಿನಲ್ಲಿಯೇ ಮುಳುಗಿಹೋಗುತ್ತದೆ. ಮೈಯಿಂದ ದೂರಕ್ಕೆ, ಆಕಾಶವನ್ನು ಹಿನ್ನೆಲೆಯಾಗಿ ಮಾಡಿಕೊಂಡು ಚಾಚಿದ ಕೈ ಮಾತ್ರ ಓದಲು ಸಿಕ್ಕುತ್ತದೆ. ಆದುದರಿಂದ ಒಳ್ಳೆಯ ಸಂಜ್ಞೆಗೆ ಎರಡು ಗುಣಗಳು ಬೇಕೇ ಬೇಕು. ಅದು ದೊಡ್ಡದಾಗಿರಬೇಕು, ಒಂದು ಕ್ಷಣವಾದರೂ ನಿಲ್ಲಬೇಕು. ಅವಸರದಿಂದ ಬೀಸಿದ ಕೈ ನೊಣ ಓಡಿಸಿದಂತೆ ಕಾಣುತ್ತದೆಯೇ ಹೊರತು ಮಾತಾಗುವುದಿಲ್ಲ.

ಇದನ್ನು ಕಲಿಸಲು ಪಾಠಶಾಲೆಯಿರಲಿಲ್ಲ. ಬಲೆ ಎಳೆಯುವವರ ಸಾಲಿನ ಬಾಲದಲ್ಲಿ ಹಗ್ಗ ಹಿಡಿದು ಆರಂಭಿಸುವ ಹುಡುಗನು ಸಂಜ್ಞೆಯನ್ನು ಮೊದಲು ಕಾಣುವವನ ಸ್ಥಾನದಲ್ಲಿ ನಿಂತು ಕಲಿಯುತ್ತಾನೆ. ಕೊಡುವ ಸ್ಥಾನಕ್ಕೆ ಅವನು ಬರುವುದು ವರ್ಷಗಳ ಮೇಲೆ. ಈ ಕ್ರಮವೇ ಅತ್ಯಂತ ಮಹತ್ತ್ವದ್ದೆಂದು ನಾವು ಭಾವಿಸುತ್ತೇವೆ. ದಡದಲ್ಲಿ ನಿಂತು ಕಣ್ಣು ಕಿರಿದುಗೊಳಿಸಿ ದೂರದ ಕೈಯನ್ನು ಓದಲು ಹೆಣಗಿದವನೇ ನಾಳೆ ತಾನು ಕೈಯೆತ್ತುವಾಗ ಯಾವುದು ಕಾಣದು ಎಂಬುದನ್ನು ಬಲ್ಲ.

ಇನ್ನು ಬೇಸ್‌ಬಾಲಿಗೆ ಬರೋಣ. ಈ ಆಟವನ್ನು ಕಾಣದ ವಾಚಕರಿಗೆ ಎರಡು ಮಾತು ಹೇಳಬೇಕಾಗಿದೆ. ಚೆಂಡನ್ನು ಎಸೆಯುವವನು ಪಿಚರ್. ದಾಂಡಿಗನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು ಹಿಡಿಯುವವನು ಕ್ಯಾಚರ್. ಯಾವ ಬಗೆಯ ಎಸೆತವೆಂಬುದು ಕ್ಯಾಚರನಿಗೆ ಮುಂಚಿತವಾಗಿ ತಿಳಿಯದಿದ್ದರೆ ವೇಗದ ಚೆಂಡು ಅವನನ್ನೇ ಗಾಯಗೊಳಿಸಬಹುದು. ಆದುದರಿಂದ ಅವನು ಬಲಗೈಯ ಬೆರಳುಗಳನ್ನು ತೊಡೆಗಳ ನಡುವೆ ಹಿಡಿದು ತೋರಿಸುತ್ತಾನೆ. ಸಾಮಾನ್ಯ ಸಂಪ್ರದಾಯದಲ್ಲಿ ಒಂದು ಬೆರಳು ವೇಗದ ಎಸೆತಕ್ಕೆ, ಎರಡು ಬೆರಳು ತಿರುವಿನ ಎಸೆತಕ್ಕೆ. ಪಿಚರನು ಒಪ್ಪಿದರೆ ತಲೆದೂಗುತ್ತಾನೆ. ಒಪ್ಪದಿದ್ದರೆ ತಲೆಯಲ್ಲಾಡಿಸಿ ಬೇರೊಂದನ್ನು ಕೇಳುತ್ತಾನೆ. ಬೈತಖೋಲದ ದೋಣಿಯವನಿಗೆ ಇಲ್ಲದ ಒಂದು ತೊಡಕು ಇವನಿಗಿದೆ. ಬಂಗಡೆಯು ಸಂಜ್ಞೆಯನ್ನು ಓದುವುದಿಲ್ಲ, ಎದುರುಪಕ್ಷದವನು ಓದುತ್ತಾನೆ. ಒಬ್ಬನಿಗೆ ಕಾಣಬೇಕು, ಉಳಿದವರಿಗೆ ಕಾಣಬಾರದು.

ಎಳೆಯ ಕ್ಯಾಚರರು ಎಡವುವುದು ಈ ಸಂದಿಯಲ್ಲಿಯೇ. ಮರೆಮಾಡುವ ಆತುರದಲ್ಲಿ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದರೆ ಪಿಚರನಿಗೂ ಕತ್ತಲೆ. ತೀರ ಕೆಳಕ್ಕೆ ಇಳಿಸಿದರೆ ಬೆರಳ ತುದಿ ತೊಡೆಯ ಕೆಳಗೆ ಇಣುಕಿ ಎದುರಾಳಿಗೆ ಗುಟ್ಟು ತಿಳಿಯುತ್ತದೆ. ಮೊಣಕಾಲುಗಳನ್ನು ಅಗಲಿಸಿದರೆ ಒಂದನೆಯ ಮತ್ತು ಮೂರನೆಯ ಬೇಸುಗಳ ಬಳಿ ನಿಂತ ಎದುರುಪಕ್ಷದ ಶಿಕ್ಷಕರು ಓರೆನೋಟದಿಂದ ಓದುತ್ತಾರೆ. ಎಡಗೈಯ ಗವಸನ್ನು ಎಡಮೊಣಕಾಲಿನ ಮುಂದೆ ಇಳಿಬಿಟ್ಟು ಆ ಕಡೆಯ ಕಿಂಡಿಯನ್ನು ಮುಚ್ಚಬೇಕೆಂಬುದು ಅದಕ್ಕಾಗಿ. ಬೆರಳು ಬದಲಿಸುವಾಗ ಮುಂಗೈ ಮತ್ತು ಮೊಣಕೈ ಅಲುಗಿದರೆ ಬೆರಳನ್ನು ಕಾಣದವನೂ ಎಣಿಸಬಲ್ಲ. ಸಂಜೆಯ ಆಟದಲ್ಲಿ ಬೆರಳು ಕಾಣದೆಂದು ಉಗುರಿಗೆ ಬಿಳಿಯ ಅಥವಾ ಹೊಳೆಯುವ ಬಣ್ಣ ಬಳಿದುಕೊಳ್ಳುವುದುಂಟು. ಕಾರವಾರದ ಸಂಜೆಯ ದೋಣಿಯವನ ಕಷ್ಟವೇ ಇಲ್ಲಿ ಬೆರಳಿನಷ್ಟು ಚಿಕ್ಕದಾಗಿ ಮರಳಿ ಬಂದಿದೆ. ಇನ್ನೊಂದು ದೋಷ ಎಲ್ಲಕ್ಕಿಂತ ಸಾಮಾನ್ಯವಾದುದು. ಪಿಚರನು ಇನ್ನೂ ನೋಡುತ್ತಿಲ್ಲ, ಹುಡುಗನು ಆಗಲೇ ಬೆರಳನ್ನು ತೋರಿಸಿ ಮಡಿಸಿಬಿಟ್ಟಿರುತ್ತಾನೆ. ಮೊದಲು ಕಣ್ಣು ಕೂಡಬೇಕು, ಆಮೇಲೆ ಬೆರಳು. ಬೆರಳು ನಿಂತಿರಬೇಕು, ತಲೆದೂಗುವವರೆಗೆ.

ಎರಡನೆಯ ಬೇಸಿನಲ್ಲಿ ಎದುರುಪಕ್ಷದ ಓಟಗಾರನು ನಿಂತಾಗ ಮರೆಯೇ ಇಲ್ಲವಾಗುತ್ತದೆ. ಅವನು ಪಿಚರನ ಬೆನ್ನ ಹಿಂದೆ ನಿಂತು ಪಿಚರನಿಗೆ ಕಾಣುವುದನ್ನೆಲ್ಲ ಕಾಣುತ್ತಾನೆ. ಆಗ ಕ್ಯಾಚರನು ಒಂದರ ಮೇಲೊಂದರಂತೆ ಹಲವು ಸಂಜ್ಞೆಗಳನ್ನು ಕೊಡುತ್ತಾನೆ. ಅವುಗಳಲ್ಲಿ ಎರಡನೆಯದೋ ಮೂರನೆಯದೋ ನಿಜವೆಂದು ಮೊದಲೇ ಮಾತಾಗಿರುತ್ತದೆ. ಎಳೆಯರ ತಂಡದಲ್ಲಿ ಇದರ ಜಾಣತನ ಹೆಚ್ಚಾದಷ್ಟೂ ಅನರ್ಥ ಹೆಚ್ಚು. ಎದುರಾಳಿ ಕದಿಯುವನೆಂಬ ಭಯದಿಂದ ಹೆಣೆದ ತೊಡಕಿನ ಸಂಕೇತದಲ್ಲಿ ತಮ್ಮವನೇ ದಾರಿತಪ್ಪುತ್ತಾನೆ. ಹನ್ನೆರಡು ವರ್ಷದ ಹುಡುಗರ ಆಟದಲ್ಲಿ ಕದ್ದ ಸಂಜ್ಞೆಗಿಂತ ತಪ್ಪು ತಿಳಿದ ಸಂಜ್ಞೆಯೇ ಹೆಚ್ಚು ಹಾನಿ ಮಾಡುವುದೆಂಬುದು ನಮ್ಮ ಅಭಿಪ್ರಾಯ. ನಮ್ಮ ಕಾಲೇಜುಗಳಲ್ಲಿ ಸಾಫ್ಟ್‌ಬಾಲ್ ಆಡುವ ವಿದ್ಯಾರ್ಥಿನಿಯರಿಗೂ ಈ ಮಾತು ಅನ್ವಯಿಸೀತು: ಮೂರು ಸಂಜ್ಞೆ ಸಾಕು, ಆದರೆ ಮೂರೂ ಸಂದೇಹವಿಲ್ಲದವಾಗಿರಲಿ, ಪಂದ್ಯದ ಮೊದಲು ಇಬ್ಬರೂ ಎದುರುಬದುರಾಗಿ ಕುಳಿತು, ಸ್ಥಾನ ಬದಲಾಯಿಸಿ, ಕೊಡುವವಳು ಒಮ್ಮೆ ಕಾಣುವವಳಾಗಿ ನೋಡಲಿ. ರಂಪಣಿಯ ಹುಡುಗನು ದಡದಿಂದ ಆರಂಭಿಸಿದುದೂ ಹೀಗೆಯೇ ಅಲ್ಲವೇ?

ಬೇಸ್‌ಬಾಲಿನ ಸಂಜ್ಞೆಯ ಇತಿಹಾಸದಲ್ಲಿ ದಂತಕಥೆಯೂ ಸೇರಿಕೊಂಡಿದೆ. 1888ರಿಂದ 1902ರವರೆಗೆ ಹಿರಿಯ ಲೀಗುಗಳಲ್ಲಿ ಆಡಿದ ವಿಲಿಯಂ ಹಾಯ್ ಎಂಬಾತನು ಕಿವುಡನಾಗಿದ್ದನು; ತೀರ್ಪುಗಾರರ ಕೈಸನ್ನೆಗಳು ಅವನಿಗಾಗಿಯೇ ಹುಟ್ಟಿದವೆಂದು ಹೇಳುವುದುಂಟು. ಕಥೆ ಮನೋಹರವಾದುದು, ಆದರೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಒಬ್ಬನ ಹೆಸರಿಗೆ ಒಂದು ಪದ್ಧತಿಯನ್ನು ಕಟ್ಟುವ ಮೋಹದಿಂದ ಇತಿಹಾಸಕಾರನು ದೂರವಿರುವುದು ಲೇಸು. ಸಂಜ್ಞಾಚೌರ್ಯದ ವಿಷಯದಲ್ಲಿ ಮಾತ್ರ ಆಧಾರ ಗಟ್ಟಿಯಾಗಿದೆ. 1951ರಲ್ಲಿ ನ್ಯೂಯಾರ್ಕ್ ಜಯಂಟ್ಸ್ ತಂಡದವರು ತಮ್ಮ ಅಂಗಣದಲ್ಲಿ ದೂರದರ್ಶಕದಿಂದ ಎದುರುಪಕ್ಷದ ಕ್ಯಾಚರನ ಬೆರಳುಗಳನ್ನು ಓದುತ್ತಿದ್ದರೆಂಬುದು ಐವತ್ತು ವರ್ಷಗಳ ಬಳಿಕ, 2001ರಲ್ಲಿ, ವಿವರವಾಗಿ ಬಹಿರಂಗವಾಯಿತು. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡದವರು ಕ್ಯಾಮೆರಾದಿಂದ ಸಂಜ್ಞೆ ಕದ್ದು, ಕಸದ ಡಬ್ಬಿಯನ್ನು ಬಡಿದು ತಮ್ಮ ದಾಂಡಿಗನಿಗೆ ತಿಳಿಸುತ್ತಿದ್ದುದು 2020ರಲ್ಲಿ ದಂಡನೆಗೆ ಒಳಗಾಯಿತು. 2022ರಿಂದ ಅಲ್ಲಿಯ ಹಿರಿಯ ಲೀಗು, ಗುಂಡಿಯೊತ್ತಿದರೆ ಪಿಚರನ ಟೋಪಿಯೊಳಗೆ ಮಾತು ಕೇಳಿಸುವ ಯಂತ್ರವನ್ನು ಅನುಮತಿಸಿದೆ.

ನಮ್ಮ ಕ್ರಿಕೆಟ್ಟಿನಲ್ಲಿ ಸಂಜ್ಞೆಯ ದಿಕ್ಕು ತಿರುಗಿದೆ. ಇಲ್ಲಿ ಏನನ್ನು ಎಸೆಯಬೇಕೆಂದು ನಿರ್ಧರಿಸುವವನು ಬೌಲರನೇ. ವಿಕೆಟ್‌ಕೀಪರನು ಅವನ ಮುಂಗೈಯನ್ನು ಓದಿ ತಿಳಿಯಬೇಕು, ಇಲ್ಲವೆ ಇಬ್ಬರೂ ಮೊದಲೇ ಗುಟ್ಟಿನ ಗುರುತನ್ನು ಮಾಡಿಕೊಂಡಿರಬೇಕು. ಮೈಸೂರಿನ ಭಾಗವತ ಚಂದ್ರಶೇಖರರ ವಿಷಯದಲ್ಲಿ ಇದು ಎಷ್ಟು ಕಠಿನವೆಂಬುದನ್ನು ಹೇಳಬೇಕಾಗಿಲ್ಲ. ಬಾಲ್ಯದ ಪೋಲಿಯೋದಿಂದ ಬಡಕಲಾದ ಬಲಗೈಯಿಂದ ಅವರು ಸ್ಪಿನ್ ಬೌಲರರಿಗೆ ಅಪರೂಪವಾದ ವೇಗದಲ್ಲಿ ಗೂಗ್ಲಿಯನ್ನೂ, ಅದಕ್ಕೂ ವೇಗದ ಒಂದು ಎಸೆತವನ್ನೂ ಹಾಕುತ್ತಿದ್ದರು. 58 ಟೆಸ್ಟುಗಳಲ್ಲಿ 242 ವಿಕೆಟ್ಟುಗಳನ್ನು ಪಡೆದರು. ಅವರಿಗೆ ಕೀಪರರಾಗಿ ನಿಂತ ಫಾರೂಕ್ ಇಂಜಿನಿಯರ್, ಸೈಯದ್ ಕಿರ್ಮಾನಿ ಇವರ ಕಣ್ಣುಗಳಿಗೆ ಅದು ಬಹು ದೊಡ್ಡ ಪರೀಕ್ಷೆಯಾಗಿದ್ದಿತು.

1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಅಂಗಣದಲ್ಲಿ ಚಂದ್ರಶೇಖರರು 38 ಓಟಗಳಿಗೆ 6 ವಿಕೆಟ್ಟು ಪಡೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಎಡಗೈ ದಾಂಡಿಗ ಜಾನ್ ಎಡ್ರಿಚ್ ಬಂದಾಗ ದಿಲೀಪ ಸರದೇಸಾಯಿಯವರು ಚಂದ್ರಶೇಖರರಿಗೆ ‘ಮಿಲ್ ರೀಫ್’ ಹಾಕೆಂದು ಹೇಳಿದರಂತೆ. ಮಿಲ್ ರೀಫ್ ಎಂಬುದು ಅದೇ ವರ್ಷ ಎಪ್ಸಮ್ ಡರ್ಬಿಯನ್ನು ಗೆದ್ದ ಓಟದ ಕುದುರೆ. ವೇಗದ ಎಸೆತವೆಂಬ ಅರ್ಥ ಆಟಗಾರರಿಗೆ ತಿಳಿಯಿತು, ದಾಂಡಿಗನಿಗೆ ತಿಳಿಯಲಿಲ್ಲ. ಎಡ್ರಿಚ್ ಸೊನ್ನೆಗೆ ಬೌಲ್ಡ್ ಆದರು. ಇದು ಆಟಗಾರರ ನೆನಪಿನಿಂದ ಬಂದ ಕಥೆಯಾದರೂ ಅಂಕಪಟ್ಟಿ ಅದಕ್ಕೆ ವಿರುದ್ಧವಾಗಿಲ್ಲ. ಸರದೇಸಾಯಿಯವರು ಹುಟ್ಟಿದುದು ಗೋವೆಯ ಮಡಗಾಂವಿಯಲ್ಲಿ, ಎಂದರೆ ಕಾರವಾರದ ನೆರೆಯಲ್ಲಿಯೇ, ಎಂಬುದನ್ನು ಕಡಲತಡಿಯ ಅಭಿಮಾನದಿಂದ ಇಲ್ಲಿ ಸೇರಿಸಿದರೆ ವಾಚಕರು ಕ್ಷಮಿಸಬೇಕು. ಈ ಸಂಜ್ಞೆ ಮರೆಯಾಗಿ ಕೊಟ್ಟುದಲ್ಲ, ಬಾಯಿಬಿಟ್ಟೇ ಕೊಟ್ಟುದು. ಗುಟ್ಟು ನಿಂತುದು ಇಬ್ಬರಿಗೂ ಗೊತ್ತಿದ್ದ ಒಂದು ಕುದುರೆಯ ಮೇಲೆ. ಎಡ್ರಿಚ್ ಆ ಕುದುರೆಯನ್ನು ಅರಿಯದವರೆಂದಲ್ಲ, ಅದು ಇಂಗ್ಲೆಂಡಿನಲ್ಲಿಯೇ ಓಡಿ ಗೆದ್ದ ಕುದುರೆ. ಅದನ್ನು ಚೆಂಡಿಗೆ ಹೊಂದಿಸುವ ಬಗೆ ಅವರಿಗೆ ಹೊಳೆಯಲಿಲ್ಲ.

ಮೂರನ್ನೂ ಒತ್ತಟ್ಟಿಗಿಟ್ಟು ನೋಡಿದರೆ, ಸಂಜ್ಞೆಯು ಅಧಿಕಾರದಿಂದ ಹರಿಯುವುದಿಲ್ಲ, ದೃಷ್ಟಿಯಿಂದ ಹರಿಯುತ್ತದೆ ಎಂಬುದು ನಮಗೆ ತೋರುತ್ತದೆ. ಬಲೆಯ ಪಾಲುದಾರರಲ್ಲಿ ಹಿರಿಯನು ಯಾರೇ ಇರಲಿ, ಮೀನನ್ನು ಕಂಡವನ ಕೈಯೇ ಆ ಗಳಿಗೆಗೆ ಆಜ್ಞೆ. ಇಡೀ ಅಂಗಣ ಕಣ್ಣೆದುರಿಗಿರುವ ಕ್ಯಾಚರನು ಬೆರಳು ತೋರಿಸುತ್ತಾನೆ, ಪಿಚರನು ಎಷ್ಟೇ ಪ್ರಸಿದ್ಧನಾಗಿರಲಿ. ಈ ಅಭಿಪ್ರಾಯಕ್ಕೆ ಕ್ರಿಕೆಟ್ಟಿನ ಬೌಲರನು ಅಪವಾದ. ಅವನಲ್ಲಿ ಕಾಣುವವನೂ ಮಾಡುವವನೂ ಒಬ್ಬನೇ ಆಗಿರುವುದರಿಂದ ಸಂಜ್ಞೆಯು ಅಪ್ಪಣೆಯಾಗದೆ ಮುನ್ನೆಚ್ಚರಿಕೆ ಮಾತ್ರವಾಗುತ್ತದೆ.

ಬೈತಖೋಲಕ್ಕೆ ಹಿಂದಿರುಗಬೇಕು. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಯಂತ್ರದ ದೋಣಿಯಿಂದ ಬೀಸುವ ಪರ್ಸೀನ್ ಬಲೆ ಬಂದಿತು. ಮೀನು ದಡಕ್ಕೆ ಬರುವವರೆಗೆ ಕಾಯುವ ಬಲೆ ರಂಪಣಿ. ಮೀನಿದ್ದಲ್ಲಿಗೇ ಹೋಗುವ ಬಲೆ ಪರ್ಸೀನ್. ಕೆಲವೇ ವರ್ಷಗಳಲ್ಲಿ ರಂಪಣಿಯ ತಂಡಗಳು ಒಂದೊಂದಾಗಿ ಒಡೆದುವು. ನೆರೆಯ ಗೋವೆಯಲ್ಲಿ ಅದೇ ದಶಕದಲ್ಲಿ ರಾಂಪಣಕಾರರು ಯಾಂತ್ರಿಕ ದೋಣಿಗಳ ವಿರುದ್ಧ ದೊಡ್ಡ ಚಳವಳಿಯನ್ನೇ ಹೂಡಿದರು. ಮುಂದೆ ಕಾರವಾರ–ಅಂಕೋಲೆಗಳ ನಡುವಣ ಕರಾವಳಿಯ ಗಣನೀಯ ಭಾಗವು ನೌಕಾನೆಲೆಗೆ ಸೇರಿತು. ಕದಂಬ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಮೀನುಗಾರರು ಹಗ್ಗ ಎಳೆಯುತ್ತಿದ್ದ ದಂಡೆಯೂ ಹೀಗೆ ಕಿರಿದಾಯಿತು.

ಬಲೆ ಹೋದುದಕ್ಕೆ ಅಂಕಿಸಂಖ್ಯೆಗಳು ಸಿಕ್ಕುತ್ತವೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕಾರವಾರದಲ್ಲಿ 1940ರ ದಶಕದ ಕೊನೆಯಿಂದಲೇ ಬಂಗಡೆಯನ್ನು ಅಳೆದು, ತೂಗಿ, ಎಣಿಸಿ ಬರೆದಿಟ್ಟಿದ್ದಾರೆ. ಮೀನಿನ ಉದ್ದ ಮಿಲಿಮೀಟರುಗಳಲ್ಲಿ ದಾಖಲಾಗಿದೆ; ಆ ಮೀನನ್ನು ತೋರಿಸಿದ ಕೈಯ ಭಂಗಿಯನ್ನು ಬರೆದಿಡುವ ಕೆಲಸ ಮೀನಿನ ವಿಜ್ಞಾನಿಗಳದಲ್ಲ, ನಮ್ಮದಾಗಿದ್ದಿತು. ರಂಪಣಿ ಎಳೆದ ಖಾರ್ವಿ, ಹರಿಕಾಂತ, ಗಾಬೀತ ಸಮಾಜಗಳ ಹಿರಿಯರು ಇಂದು ಎಪ್ಪತ್ತನ್ನು ದಾಟಿದವರು. ಅವರನ್ನು ಮನೆಯ ಜಗಲಿಯಲ್ಲಿ ಕುಳ್ಳಿರಿಸಿ ಪ್ರಶ್ನೆ ಕೇಳಿದರೆ ಬಾಯಿಮಾತಿನ ಉತ್ತರ ಬರುತ್ತದೆ. ದಂಡೆಗೆ ಕರೆದೊಯ್ದು, ಒಬ್ಬರನ್ನು ದೋಣಿಯಲ್ಲಿ, ಇನ್ನೊಬ್ಬರನ್ನು ದಡದಲ್ಲಿ ನಿಲ್ಲಿಸಿ, ಬೆಳಗಿನಲ್ಲೊಮ್ಮೆ, ಸೂರ್ಯನು ಎದುರಿಗಿರುವ ಸಂಜೆಯಲ್ಲೊಮ್ಮೆ ಚಿತ್ರೀಕರಿಸಬೇಕು. ‘ಯೆಂಡಿ’ ಎಂಬ ಚಿಕ್ಕ ದಡಬಲೆಯನ್ನು ಕಾರವಾರದ ಕಡೆ ರಂಪಣಿ ಅಳಿದ ಮೇಲೆಯೂ ಎಳೆಯುತ್ತ ಬಂದಿರುವುದರಿಂದ, ಕೆಲಸವನ್ನು ಅಲ್ಲಿಂದ ಆರಂಭಿಸಬಹುದು. ಮಳೆಗಾಲ ಮುಗಿದು ಬಂಗಡೆಯ ಹಂಗಾಮು ತೊಡಗುವ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳು ಇದಕ್ಕೆ ತಕ್ಕ ಕಾಲ; ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಕೊಂಕಣಿ ಬಲ್ಲ ಇಬ್ಬರು ಮುಂದೆ ಬಂದರೆ ಸಾಕು.